ಒಂದು ಟೆರಾಬೈಟು ಮತ್ತು ನನ್ನ ಬೆನ್ನು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಅವರಿಗೆ ಕಾಲಿನದೇ ಚಿಂತೆ. ಹಾಸಿಗೆಯನ್ನೇ ಹೊಸದಾಗಿ ಕೊಳ್ಳಲು ಹೊರಟವನು ಎಷ್ಟು ಉದ್ದದ್ದು ಕೊಳ್ಳಬೇಕು ಎಂಬುದಕ್ಕೆ ಯಾರೂ ಗಾದೆ ಮಾಡಿಡಲಿಲ್ಲ. ಈ ವಿಷಯದಲ್ಲಿ ನಾನು ಹುಟ್ಟಾ ದುರ್ಬಲ. ಅಳತೆ ಆರಿಸುವ ಪ್ರಸಂಗ ಬಂದಾಗಲೆಲ್ಲ ನನಗೆ ಕೈಕಾಲು ಆಡುವುದಿಲ್ಲ. ಸ್ವೆಟರ್ ಕೊಂಡರೆ ಒಂದೋ ಮೊಣಕೈಗೆ ನಿಲ್ಲುತ್ತದೆ, ಇಲ್ಲವೇ ಮಂಡಿಯವರೆಗೆ ಇಳಿಯುತ್ತದೆ. ಮನೆಯ ಮೇಲೆ ಇರಿಸಿದ ನೀರಿನ ಟ್ಯಾಂಕು ಬೇಸಿಗೆಯಲ್ಲಿ ಚಿಕ್ಕದು, ಮಳೆಗಾಲದಲ್ಲಿ ದೊಡ್ಡದು. ನಮ್ಮ ಹಟ್ಟಿಯ ಹೆಂಗಸರಿಗೆ ಈ ಕಷ್ಟವಿಲ್ಲ. ಅವರು ಅಕ್ಕಿ ಅಳೆಯುವಾಗ ಮನೆಯಲ್ಲಿರುವವರು, ಬರಬಹುದಾದವರು, ಬರಲಾರದವರು ಎಲ್ಲರನ್ನೂ ಸೇರಿಸಿಯೇ ಅಳೆಯುತ್ತಾರೆ. ಆ ಧೈರ್ಯ ಗಂಡಸಾದ ನನಗೆ ಬರಲಿಲ್ಲ. ಹೀಗಿರುವಾಗ ಕಂಪ್ಯೂಟರಿಗೆ ಎಷ್ಟು ದೊಡ್ಡ ಡಿಸ್ಕು ಬೇಕೆಂದು ತೀರ್ಮಾನಿಸುವ ಭಾರ ನನ್ನ ತಲೆಯ ಮೇಲೆ ಬಿದ್ದದ್ದು ದೇವರಿಗೂ ಗೊತ್ತಿಲ್ಲದೆ ನಡೆದ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ನಮ್ಮ ಮನೆಯ ಕಂಪ್ಯೂಟರು ಹಳೆಯದು. ಊಟಿ ಕಡೆಯ ತುಮ್ಮನಟ್ಟಿಯ ಪಕ್ಕದ ನಮ್ಮ ಸಣ್ಣ ಹಟ್ಟಿಗೆ ಮೊದಲು ಬಂದದ್ದು ಅದೇ ಎಂಬ ಗೌರವ ಅದಕ್ಕೆ ಉಳಿದಿದೆ, ಉಳಿದಿರುವುದು ಅದೊಂದೇ. ನಾನು ಚಹಾ ಎಲೆಯ ಫ್ಯಾಕ್ಟರಿಯ ಆಫೀಸಿನಲ್ಲಿ ಗುಮಾಸ್ತ, ರಜೆಯ ದಿನ ಕ್ಯಾರೆಟ್ ಬೆಳೆಗಾರ. ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿ ಹೊಲಕ್ಕೆ ಹೋಗಿ, ನೀರು ಬಿಟ್ಟು, ಕಾಡುಹಂದಿ ಎಲ್ಲೆಲ್ಲಿ ಮೂತಿ ಹಾಕಿದೆ ಎಂದು ನೋಡಿ, ಪಕ್ಕದ ಹೊಲದವರ ಜೊತೆ ಹಂದಿಯನ್ನು ಬೈದು, ಮನೆಗೆ ಬಂದು ಕಾಫಿ ಕುಡಿದರೂ ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹಿಮ ಬೀಳುವ ತಿಂಗಳುಗಳಲ್ಲಂತೂ ಒಳಗಿನಿಂದ ನರಳಾಟವೂ ಕೇಳುತ್ತಿತ್ತು. ನನ್ನ ಹೆಂಡತಿ ಸರೋಜಾ ಕನಿಕರದಿಂದ ಅದಕ್ಕೊಂದು ಹಳೆಯ ಸೀಲೆ ಹೊದಿಸಿದಳು. ಸೀಲೆ ಎಂದರೆ ನಮ್ಮವರು ಹೊದೆಯುವ ಬಿಳಿ ಶಾಲು. ಆಮೇಲೆ ಅದು ಟಿಕ್ ಟಿಕ್ ಎನ್ನತೊಡಗಿತು. ಹಲ್ಲಿ ನುಡಿಯುತ್ತಿದೆ ಎಂದು ನಾವು ಬಹಳ ದಿನ ನಂಬಿದ್ದೆವು. ನಾನು ಏನಾದರೂ ಹೇಳಿದಾಗ ಟಿಕ್ ಎಂದರೆ ಸರೋಜಾ ಮೇಜು ತಟ್ಟಿ ಸತ್ಯ ಎನ್ನುತ್ತಿದ್ದಳು. ಮದುವೆಯಾದಂದಿನಿಂದ ನನ್ನ ಮಾತಿಗೆ ಅಷ್ಟು ಬೆಲೆ ಬಂದ ಕಾಲ ಬೇರೊಂದಿಲ್ಲ. ಕೊನೆಗೆ ಗೋಡೆಯನ್ನೆಲ್ಲ ಹುಡುಕಿದರೂ ಹಲ್ಲಿ ಸಿಗದಿದ್ದಾಗ ಸದ್ದು ಪೆಟ್ಟಿಗೆಯ ಒಳಗಿನದು ಎಂದು ತಿಳಿಯಿತು, ನನ್ನ ಮಾತು ಮೊದಲಿನ ಬೆಲೆಗೆ ಇಳಿಯಿತು.

ಊಟಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯವನಿಗೆ ತೋರಿಸಿದೆ. ಅವನು ತಮಿಳಿನಲ್ಲಿ, ಡಾಕ್ಟರು ರೋಗಿಯ ಮನೆಯವರನ್ನು ಪಕ್ಕಕ್ಕೆ ಕರೆದು ಹೇಳುವ ದನಿಯಲ್ಲಿ, ಈ ಹಾರ್ಡ್ ಡಿಸ್ಕು ಇನ್ನು ಹೆಚ್ಚು ದಿನ ಇಲ್ಲ ಎಂದ. ಎಸ್‌ಎಸ್‌ಡಿ ಹಾಕಿಸಿಬಿಡಿ, ಅದರಲ್ಲಿ ತಿರುಗುವ ಭಾಗವೇ ಇಲ್ಲ, ಸದ್ದಿಲ್ಲ, ಗುಂಡಿ ಒತ್ತಿ ಕೈ ತೆಗೆಯುವಷ್ಟರಲ್ಲಿ ಎದ್ದು ಕೂರುತ್ತದೆ ಎಂದ. ಇಷ್ಟರವರೆಗೆ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಅವನು ಯಾವ ಅಳತೆ ಬೇಕು ಎಂದು ಕೇಳಿದ. ಇನ್ನೂರ ಐವತ್ತಾರು ಜಿಬಿ ಇದೆ, ಐನೂರ ಹನ್ನೆರಡು ಇದೆ, ಒಂದು ಟೆರಾಬೈಟೂ ಇದೆ. ಪತ್ರ ಬರೆದು, ಸುದ್ದಿ ಓದಿ, ಕರೆಂಟು ಬಿಲ್ಲು ಕಟ್ಟುವ ಮನೆಗೆ ಚಿಕ್ಕದು ಸಾಕು. ಫೋಟೋ ಗೀಟೋ ಇದ್ದರೆ ನಡುವಿನದು. ವಿಡಿಯೋ ಇದ್ದರೆ ದೊಡ್ಡದು. ಯಾವುದನ್ನು ಕೊಂಡರೂ ಪೂರ್ತಿ ತುಂಬಬಾರದು, ಒಂದು ಪಾಲು ಖಾಲಿ ಬಿಟ್ಟರೇ ಅದಕ್ಕೆ ಉಸಿರಾಟ. ಕೊಂಡು ಖಾಲಿ ಬಿಡುವುದು ಎಂಥ ನ್ಯಾಯ ಎಂದು ಕೇಳಬೇಕೆನಿಸಿತು. ಆದರೆ ನಮ್ಮ ಮನೆಗಳಲ್ಲೂ ಬರುವವರಿಗೆಂದು ಮುಂದಿನ ಕೋಣೆಯನ್ನು ಖಾಲಿ ಬಿಟ್ಟು, ಮನೆಯವರೆಲ್ಲ ಒಳಗಿನ ಕತ್ತಲೆಯಲ್ಲಿ ಒತ್ತಿಕೊಂಡು ಮಲಗುತ್ತೇವಲ್ಲ. ಚಿಕ್ಕದನ್ನು ಹಾಕಿಸಿ ಹಳೆಯ ಡಿಸ್ಕಿನಲ್ಲೇ ಮಿಕ್ಕದ್ದನ್ನು ಇಟ್ಟುಕೊಳ್ಳಲೇ ಎಂದು ಕೇಳಿದ್ದಕ್ಕೆ ಅವನು, ಸಾಯುವವರ ಹತ್ತಿರ ಯಾರಾದರೂ ಬೀಗದ ಕೈ ಕೊಟ್ಟಿಡುತ್ತಾರಾ ಸಾರ್ ಎಂದ. ಒಳಗೆ ಏನೇನು ಇದೆ ಎಂದು ನೋಡಿಕೊಂಡು, ಬೇಡದ್ದನ್ನು ಅಳಿಸಿ, ಆಮೇಲೆ ಬನ್ನಿ ಎಂದು ಕಳಿಸಿದ.

ಒಳಗೆ ಏನಿದೆ ಎಂದು ಮನುಷ್ಯ ನೋಡಿಕೊಳ್ಳಬಾರದು. ನಮ್ಮದು ಸಣ್ಣ ಸಂಸಾರ, ಸಣ್ಣ ಡಿಸ್ಕು ಸಾಕು ಎಂದೇ ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ತೆರೆದು ನೋಡಿದರೆ ನಮ್ಮ ಸಂಸಾರ ಒಂದು ಮೂಲೆಯಲ್ಲಿತ್ತು, ಮಿಕ್ಕ ಜಾಗವನ್ನೆಲ್ಲ ಹಟ್ಟಿಯ ಸಾವುಗಳು ತುಂಬಿಕೊಂಡಿದ್ದವು. ಇದಕ್ಕೆ ಕಾರಣವಿದೆ. ನಮ್ಮಲ್ಲಿ ಮದುವೆ ಬೇಗ ಮುಗಿಯುತ್ತದೆ, ಸಾವು ಮುಗಿಯುವುದಿಲ್ಲ. ಸುತ್ತಲಿನ ಹಟ್ಟಿಗಳಿಂದ ಜನ ಬರಬೇಕು, ಬಂದವರು ಸತ್ತವರ ಕಾಲಿಗೆ ಹಣೆ ಮುಟ್ಟಿಸಬೇಕು, ಬ್ಯಾಂಡು ಬಾರಿಸಬೇಕು, ಶವದ ಮಂಚದ ಸುತ್ತ ಕುಣಿಯಬೇಕು, ಹೆಂಗಸರು ಸತ್ತವರ ಗುಣಗಳನ್ನು ಹಾಡಿಕೊಂಡು ಅಳಬೇಕು. ಕೊನೆಗೆ ಹಿರಿಯರೊಬ್ಬರು ಸತ್ತವನ ಪಾಪಗಳನ್ನೆಲ್ಲ ಒಂದೊಂದಾಗಿ ಕರೆದು ಹೇಳಿ ಬಿಡುಗಡೆ ಮಾಡಬೇಕು. ಪಾಪವನ್ನು ಅಳಿಸುವುದಕ್ಕೆ ನಮ್ಮ ಹಿರಿಯರು ಇಂಥ ಒಳ್ಳೆಯ ಪದ್ಧತಿ ಮಾಡಿಟ್ಟಿದ್ದಾರೆ. ವಿಡಿಯೋ ಅಳಿಸುವುದಕ್ಕೆ ಏನೂ ಮಾಡಿಡಲಿಲ್ಲ. ದೂರದಲ್ಲಿ, ಸೈನ್ಯದಲ್ಲಿ ಇರುವ ಮಕ್ಕಳು ನೋಡಲಿ ಎಂದು ಇದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ವಿಡಿಯೋ ಮಾಡಿಸುತ್ತಾರೆ. ಹಟ್ಟಿಗೆಲ್ಲ ಕಂಪ್ಯೂಟರು ನಮ್ಮದೊಂದೇ ಇದ್ದ ಕಾಲದಲ್ಲಿ ವಿಡಿಯೋ ಮುಗಿದ ಮೇಲೆ ನಮ್ಮ ಮನೆಗೆ ತಂದು ಹಾಕುತ್ತಿದ್ದರು. ಹೀಗೆ ಬದುಕಿರುವಾಗ ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯದವರೂ ಸತ್ತ ಮೇಲೆ ನಮ್ಮಲ್ಲೇ ಬಿಡಾರ ಮಾಡಿದ್ದರು.

ಇದರಲ್ಲಿ ಯಾರನ್ನು ಅಳಿಸುವುದು? ನಾನು ಮೆಲ್ಲಗೆ ಒಬ್ಬಿಬ್ಬರ ಮನೆಯವರನ್ನು ಕೇಳಿ ನೋಡಿದೆ. ಯಾರೂ ಅಳಿಸಬೇಡ ಎನ್ನಲಿಲ್ಲ. ಮೂರನೆಯ ಮನೆಯವರದ್ದನ್ನು ಅಳಿಸಿದರೆ ಆಗುವುದಿಲ್ಲವೇ ಎಂದು ಮಾತ್ರ ಇಬ್ಬರೂ ಸೂಚಿಸಿದರು. ಸುದ್ದಿ ನನಗಿಂತ ಮುಂಚೆ ಹಟ್ಟಿ ಸುತ್ತಿತು. ಮಾರನೆಯ ದಿನ ಬೆಳಿಗ್ಗೆ ದೊಡ್ಡವ್ವೆ ಕೋಲು ಊರಿಕೊಂಡು ಬಂದು ಕಂಪ್ಯೂಟರಿನ ಎದುರು ಕುರ್ಚಿ ಹಾಕಿಸಿಕೊಂಡು ಕೂತರು. ದೊಡ್ಡವ್ವೆ ಎಂದರೆ ತೀರಿಹೋದ ನನ್ನ ದೊಡ್ಡಪ್ಪನ ಹೆಂಡತಿ. ಕಣ್ಣು ಮಂಜಾಗಿದೆ, ಬೇರೆ ಏನೂ ಮಂಜಾಗಿಲ್ಲ.

“ಅಳಿಸಿ ಬುಡುವದಕ್ಕೂ ಮುಂಚೆ ಎನಗ ಒಂದು ಸತಿ ತೋರು ಮಗಾ,” ಎಂದರು. “ಎನ್ನ ತಮ್ಮ ಬಂದನಾ, ಬಾರದೆ ಹೋದನಾ, ನಾ ಕಣ್ಣಿಂದ ನೋಡೋಕು.”

ಅವರ ತಮ್ಮ ಜೋಗಿ ಮಾಮ ಗುಡ್ಡದ ಆಚೆಯ ಹಟ್ಟಿಯವರು. ಅವರು ಹೊಸ ಮನೆ ಕಟ್ಟುವಾಗ ಅಡುಗೆಮನೆ ಯಾವ ಕಡೆಗಿರಬೇಕು ಎಂದು ನನ್ನ ದೊಡ್ಡಪ್ಪ ಒಂದು ಸಲಹೆ ಕೊಟ್ಟಿದ್ದರು. ದೊಡ್ಡಪ್ಪನ ಸಲಹೆಗಳು ಕೇಳದೆಯೇ ಬರುತ್ತಿದ್ದವು. ಜೋಗಿ ಮಾಮ ಅಡುಗೆಮನೆಯನ್ನು ತಮಗೆ ಬೇಕಾದ ಕಡೆ ಕಟ್ಟಿಸಿದರು. ಗೃಹಪ್ರವೇಶದ ದಿನ ದೊಡ್ಡಪ್ಪ ಹೋದರು, ಅಡುಗೆಮನೆಯನ್ನು ನೋಡಿದರು, ಊಟ ಮಾಡದೆ ಎದ್ದು ಬಂದರು. ಹಾಗಾದರೆ ಇನ್ನು ಮೇಲೆ ಬರುವುದೇ ಬೇಡ ಎಂದು ಜೋಗಿ ಮಾಮ ಬಾಗಿಲಲ್ಲಿ ನಿಂತು ಹೇಳಿದರು. ಒಂದು ಒಲೆಯ ಹೊಗೆ ಎರಡು ಮನೆಗಳ ನಡುವೆ ವರ್ಷಗಟ್ಟಲೆ ನಿಂತುಬಿಟ್ಟಿತು. ದೊಡ್ಡಪ್ಪ ಸತ್ತ ದಿನ ಜೋಗಿ ಮಾಮ ಬಂದರು ಎಂದು ಕೆಲವರು, ತಲೆಗೆ ಮಂಡೆಪಟ್ಟು ಸುತ್ತಿಕೊಂಡು ಬಸ್ ನಿಲ್ಲುವಲ್ಲಿಯವರೆಗೆ ಬಂದು ಹಿಂದಿರುಗಿದರು ಎಂದು ಕೆಲವರು ಹೇಳಿದರು. ದೊಡ್ಡವ್ವೆ ಶವದ ತಲೆಯ ಬಳಿ ಮುಖ ಮುಚ್ಚಿಕೊಂಡು ಕೂತಿದ್ದರು, ಯಾರನ್ನೂ ನೋಡಲಿಲ್ಲ. ಬಂದನೋ ಇಲ್ಲವೋ ಎಂದು ಆಮೇಲೆ ಕೇಳುವುದಕ್ಕೆ ಮಾನ ಬಿಡಲಿಲ್ಲ. ಈಗ ಅವರ ಮಗ ರಾಮನ ಮಗಳಿಗೆ ಮದುವೆ ಗೊತ್ತಾಗಿತ್ತು. ಬದುಕಿರುವ ಒಬ್ಬನೇ ತಮ್ಮನನ್ನು ಕರೆಯದೆ ಮೊಮ್ಮಗಳ ಮದುವೆ ಮಾಡಬೇಕಲ್ಲ ಎಂಬ ಸಂಕಟ ದೊಡ್ಡವ್ವೆಗೆ. ರಾಮ ಒಳ್ಳೆಯವನೇ, ಆದರೆ ದೊಡ್ಡಪ್ಪನ ಮಗ.

“ಅಪ್ಪನ ಸಾವುಗ ಬಾರದವನ ಬಾಗಿಲುಗ ನಾ ಹೋಗಿ ನಿಲ್ಲುವದು ಇಲ್ಲೆ,” ಎಂದು ಅವನು ತಾಯಿಗೆ ಹೇಳಿಬಿಟ್ಟಿದ್ದ. ಅದರಲ್ಲಿ ನ್ಯಾಯವೂ ಇತ್ತು. ನಮ್ಮಲ್ಲಿ ಮದುವೆ ತಪ್ಪಿಸಿಕೊಂಡವನಿಗೆ ಕ್ಷಮೆಯುಂಟು, ಸಾವು ತಪ್ಪಿಸಿಕೊಂಡವನು ನೆಂಟನಲ್ಲ. ಆದ್ದರಿಂದ ದೊಡ್ಡವ್ವೆಗೆ ತಮ್ಮ ಉಳಿಯುವುದೂ ಹೋಗುವುದೂ ನನ್ನ ಟಿಕ್ ಟಿಕ್ ಪೆಟ್ಟಿಗೆಯ ಕೈಯಲ್ಲಿತ್ತು.

ಭಾನುವಾರ ಮಧ್ಯಾಹ್ನ ನೋಡುವುದೆಂದಾಯಿತು. ದೊಡ್ಡವ್ವೆ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತರು. ರಾಮ ತೋಳು ಕಟ್ಟಿಕೊಂಡು ಗೋಡೆಗೆ ಒರಗಿ ನಿಂತ. ಸರೋಜಾ ನನ್ನ ಪಕ್ಕದಲ್ಲಿ. ವಿಡಿಯೋ ತೆಗೆದವನಿಗೆ ಮನುಷ್ಯರಿಗಿಂತ ಊಟದ ಪಂಕ್ತಿಯ ಮೇಲೆ ಪ್ರೀತಿ. ಅನ್ನದ ರಾಶಿ, ಸಾರಿನ ಕೊಳಗ, ಮತ್ತೆ ಅನ್ನದ ರಾಶಿ. ಆಮೇಲೆ ಕೊಡೆಗಳು. ಅಂದು ತುಂತುರು ಹನಿಯುತ್ತಿತ್ತು. ಆಮೇಲೆ ಬೆನ್ನುಗಳು. ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ: ನಮ್ಮ ಸಾವಿನ ಮನೆಯಲ್ಲಿ ಗಂಡಸರೆಲ್ಲ ಬಿಳಿಯ ಪಂಚೆ, ಬಿಳಿಯ ಸೀಲೆ, ಬಿಳಿಯ ಮಂಡೆಪಟ್ಟು. ಮುಖ ಕಂಡರೆ ಸರಿ, ಹಿಂದಿನಿಂದ ನೋಡಿದರೆ ಹಟ್ಟಿಯ ಗೌಡನಿಗೂ ಹಾಲು ಹಾಕುವವನಿಗೂ ವ್ಯತ್ಯಾಸವಿಲ್ಲ. ವಿಡಿಯೋದವನು ಶವದ ಕಾಲಿನ ಕಡೆ, ಸಾಲಿನ ಹಿಂದೆ ನಿಂತಿದ್ದ. ಬೆನ್ನೊಂದು ಬರುತ್ತದೆ, ಬಾಗುತ್ತದೆ, ಹಣೆ ಮುಟ್ಟಿಸುತ್ತದೆ, ಏಳುತ್ತದೆ, ಪಕ್ಕಕ್ಕೆ ತಿರುಗಿದಾಗ ಕ್ಷಣಮಾತ್ರ ಮುಖ ಕಾಣುತ್ತದೆ. ಒಬ್ಬೊಬ್ಬರ ಮುಖ ತಿರುಗಿದಾಗಲೂ ರಾಮ ಅಲ್ಲ ಎಂದು ತಲೆಯಾಡಿಸುತ್ತಿದ್ದ. ದೊಡ್ಡವ್ವೆ ಪ್ರತಿ ಸಲವೂ ಒಂದಿಷ್ಟು ಕುಗ್ಗುತ್ತಿದ್ದರು. ಸಾಲು ಮುಗಿಯುತ್ತ ಬಂತು. ಜೋಗಿ ಮಾಮನ ಸುಳಿವಿಲ್ಲ. ಈ ಡಿಸ್ಕು ನಿನ್ನೆಯೇ ಸತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನ್ನಿಸತೊಡಗಿತು.

ಆಗ ಒಂದು ಬೆನ್ನು ಬಂದು ಬಾಗಿತು, ಹಣೆಯನ್ನು ದೊಡ್ಡಪ್ಪನ ಪಾದಕ್ಕೆ ಮುಟ್ಟಿಸಿತು, ಅಷ್ಟರಲ್ಲಿ ಪೆಟ್ಟಿಗೆ ಟಿಕ್ ಎಂದು ಚಿತ್ರ ನಿಂತುಹೋಯಿತು. ಚಕ್ರ ತಿರುಗುತ್ತಿತ್ತು, ಬೆನ್ನು ಬಾಗಿದ್ದು ಬಾಗಿದಂತೆಯೇ ಇತ್ತು. ಸಾಕಷ್ಟು ವಿಶಾಲವಾದ ಬೆನ್ನು. ಮುಂದೆ ಚಾಚಿದ ಕೈ ಮಾತ್ರ ಸೀಲೆಯಿಂದ ಹೊರಗೆ ಬಂದಿತ್ತು, ಬೂದು ಬಣ್ಣದ ಸ್ವೆಟರಿನ ತೋಳು, ತುದಿಯಲ್ಲಿ ನೂಲು ಸಾಲದೆ ಕಂದು ಬಣ್ಣದಲ್ಲಿ ಮುಗಿಸಿದ್ದು. ಆ ಸ್ವೆಟರನ್ನು ಹೆಣೆದವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಅದು ನನ್ನ ಬೆನ್ನು. ಸರೋಜಾಳ ಉಗುರು ನನ್ನ ಮೊಣಕೈಯಲ್ಲಿ ಇಳಿದಾಗ ಅವಳಿಗೂ ತಿಳಿದಿದೆ ಎಂದು ನನಗೆ ತಿಳಿಯಿತು. ನಾನು ಬಾಯಿ ತೆರೆಯಬೇಕೆಂದೇ ಇದ್ದೆ.

“ಅವ ಎನ್ನ ತಮ್ಮ,” ಎಂದರು ದೊಡ್ಡವ್ವೆ.

ರಾಮ ಗೋಡೆ ಬಿಟ್ಟು ಹತ್ತಿರ ಬಂದು ಬಾಗಿ ನೋಡಿದ. ಅವನು ಬಹಳ ಹೊತ್ತು ನೋಡಿದ. ತಾನು ಎಷ್ಟೋ ವರ್ಷ ಬೈದ ಸೋದರಮಾವ ತನ್ನ ಅಪ್ಪನ ಕಾಲಿಗೆ ಬಿದ್ದಿರುವುದನ್ನು ನೋಡುವ ಮಗನ ಮುಖ ಅದು. ನಾನು ಆ ಮುಖವನ್ನು ನೋಡದಿದ್ದರೆ ಬಾಯಿ ತೆರೆದೇ ಬಿಡುತ್ತಿದ್ದೆನೋ ಏನೋ. ಚಕ್ರ ಈಗಲೋ ಆಗಲೋ ನಿಲ್ಲುವಂತಿತ್ತು. ಇನ್ನೊಂದು ಕ್ಷಣ ಕಳೆದರೆ ಆ ಬೆನ್ನು ಎದ್ದು, ಪಕ್ಕಕ್ಕೆ ತಿರುಗಿ, ನನ್ನ ಮುಖವನ್ನು ಎಲ್ಲರಿಗೂ ತೋರಿಸುತ್ತಿತ್ತು. ದೊಡ್ಡವ್ವೆ ನನ್ನ ಕೈ ಹಿಡಿದುಕೊಂಡರು.

“ಸಾಕು. ನಿಲ್ಲಿಸು. ಮುಂದ ಬೇಡ.”

ನಾನು ನಿಲ್ಲಿಸಿದೆ. ರಾಮ ಕಣ್ಣೊರೆಸಿಕೊಂಡು, ನಾಡಿದ್ದೇ ಹೋಗಿ ಮಾಮನನ್ನು ಮದುವೆಗೆ ಕರೆಯುತ್ತೇನೆ ಎಂದು ಹೇಳಿ ಹೊರಗೆ ಹೋದ. ದೊಡ್ಡವ್ವೆ ಎದ್ದು, ಹೋಗುವ ಮುಂಚೆ ನನ್ನನ್ನು ಕರೆದರು. ನಮ್ಮ ಪದ್ಧತಿಯಂತೆ ನಾನು ತಲೆ ಬಾಗಿಸಿದೆ, ಅವರು ತಲೆಯ ಮೇಲೆ ಕೈಯಿಟ್ಟು, ಒಂದು ಒಂಬತ್ತಾಗಲಿ, ಮನೆ ತುಂಬಲಿ ಎಂದು ಹರಸಿದರು. ಇದು ಮಾಮೂಲಿನ ಹಾರೈಕೆ. ಆದರೆ ಕೈಯನ್ನು ಮಾಮೂಲಿಗಿಂತ ಹೆಚ್ಚು ಹೊತ್ತು ಇಟ್ಟಿದ್ದರು. ಆಮೇಲೆ, ಇದನ್ನು ಅಳಿಸಬಾರದು, ಪೆಟ್ಟಿಗೆಗೆ ದೊಡ್ಡದನ್ನೇ ಹಾಕಿಸು ಎಂದು ಅಪ್ಪಣೆ ಮಾಡಿ ಹೋದರು. ಕಣ್ಣು ಮಂಜಾದವರಿಗೆ ಬೂದು ತೋಳು ಕಂಡಿತೋ ಕಂದು ತುದಿ ಕಂಡಿತೋ ನಾನು ಕೇಳಲಿಲ್ಲ. ಎಷ್ಟೋ ಚಳಿಗಾಲ ಆ ಸ್ವೆಟರನ್ನೇ ಹಾಕಿಕೊಂಡು ಅವರ ಒಲೆಯ ಮುಂದೆ ಕೂತು ಬಂದವನು ನಾನು ಎಂಬುದನ್ನು ಮಾತ್ರ ಹೇಳಬಲ್ಲೆ.

ಹೀಗೆ ನನ್ನ ಜೀವಮಾನದಲ್ಲಿ ಮೊದಲ ಸಲ ಅಳತೆಯ ಪ್ರಶ್ನೆ ತಾನಾಗಿ ತೀರ್ಮಾನವಾಯಿತು. ಅಂಗಡಿಯವನಿಗೆ ಒಂದು ಟೆರಾಬೈಟು ಎಂದೆ. ನಿಮ್ಮಲ್ಲಿ ಅಷ್ಟು ಏನಿದೆ ಸಾರ್ ಎಂದು ಅವನು ಬೆರಗಾದ. ನೆಂಟರು ಎಂದೆ. ಅವನು ಹಳೆಯದರಿಂದ ಎಲ್ಲವನ್ನೂ ಹೊಸದಕ್ಕೆ ಇಳಿಸಿಕೊಟ್ಟ, ಒಬ್ಬರೂ ದಾರಿಯಲ್ಲಿ ಕಳೆದುಹೋಗಲಿಲ್ಲ. ಈಗ ಕಂಪ್ಯೂಟರು ಗುಂಡಿ ಒತ್ತಿದ ಕೂಡಲೇ ಏಳುತ್ತದೆ. ಸದ್ದಿಲ್ಲ. ಬೆಳಿಗ್ಗೆ ಹೊಲಕ್ಕೆ ಹೋಗಲು ನನಗೆ ಈಗ ನೆಪವಿಲ್ಲ, ಹಂದಿಗಳಿಗೆ ಅನುಕೂಲವಾಗಿದೆ. ಸರೋಜಾ ಮಾತ್ರ ವಿಡಿಯೋ ನೋಡಿದ ಆ ಭಾನುವಾರ ಸಂಜೆ ಇಡೀ ಆ ಸ್ವೆಟರಿನ ಕಂದು ತುದಿಯನ್ನು ಬಿಚ್ಚಿ ಬೂದು ನೂಲಿನಲ್ಲಿ ಮತ್ತೆ ಹೆಣೆಯುತ್ತ ಕೂತಿದ್ದಳು. ನೂಲು ಎಲ್ಲಿಂದ ತಂದೆ ಎಂದರೆ, ನಿಮ್ಮ ಸುಳ್ಳು ಮುಚ್ಚುವುದಕ್ಕೆ ಎನ್ನ ಸ್ವೆಟರು ಬಿಚ್ಚಿದೆ ಎಂದಳು. ನಾನು ಸುಳ್ಳೇನೂ ಹೇಳಿರಲಿಲ್ಲ, ಬಾಯಿಯನ್ನೇ ತೆರೆದಿರಲಿಲ್ಲ. ಆದರೆ ಅದನ್ನು ಅವಳಿಗೆ ಹೇಳಲೂ ಬಾಯಿ ತೆರೆಯಲಿಲ್ಲ.

ಮದುವೆಗೆ ಕೆಲವು ದಿನ ಇರುವಾಗ ಜೋಗಿ ಮಾಮ ನಮ್ಮ ಮನೆಗೆ ಬಂದರು. ಬಡಕಲು ದೇಹ, ಬೆಳ್ಳಗಿನ ಮೀಸೆ, ಕಂಕುಳಲ್ಲಿ ಕೊಡೆ. ರಾಮ ಬಂದು ಕರೆದದ್ದನ್ನೂ, ವಿಡಿಯೋದಲ್ಲಿ ತಮ್ಮನ್ನು ನೋಡಿ ಅವನು ಅತ್ತದ್ದನ್ನೂ ಹೇಳಿದರು. ನನಗೂ ಒಂದು ಸತಿ ತೋರುವೆಯಾ ಎಂದು ಕೇಳಿದರು. ಇಲ್ಲ ಎನ್ನಲಾಗದೆ ವಿಡಿಯೋ ಹಾಕಿದೆ. ಹಳೆಯ ಡಿಸ್ಕಾಗಿದ್ದರೆ ಸಮಯ ನೋಡಿ ತಾನೇ ನಿಲ್ಲುತ್ತಿತ್ತು; ಹೊಸದಕ್ಕೆ ಆ ದಾಕ್ಷಿಣ್ಯವಿಲ್ಲ. ಬೆನ್ನುಗಳು ಸರಸರನೆ ಬಂದು ಬಾಗಿ ಎದ್ದು ಹೋಗುತ್ತಿದ್ದವು. ನನ್ನ ಬೆನ್ನು ಬಾಗಿದ ಕೂಡಲೇ ಗುಂಡಿ ಒತ್ತಿದೆ. ನಿಂತಿತು. ಇದೇ ನೋಡಿ, ಮಾಮ ಎಂದೆ.

ಅವರು ನೋಡಿದರು. ತಾವು ಅಂದು ಎಲ್ಲಿಯವರೆಗೆ ಬಂದಿದ್ದರು, ಎಲ್ಲಿಂದ ಹಿಂದಿರುಗಿದರು ಎಂಬುದು ಅವರಿಗಲ್ಲದೆ ಬೇರೆ ಯಾರಿಗೆ ಗೊತ್ತು? ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರು ಕೊಡೆಯನ್ನು ನೆಲದ ಮೇಲಿಟ್ಟರು. ಎದ್ದು, ತಲೆಯ ಮೇಲಿನ ಟೋಪಿ ತೆಗೆದು, ಮೇಜಿನ ಮೇಲೆ ಬಾಗಿ, ಪರದೆಯಲ್ಲಿ ದೊಡ್ಡಪ್ಪನ ಪಾದ ಕಾಣುತ್ತಿದ್ದ ಕಡೆಗೆ ಹಣೆ ಮುಟ್ಟಿಸಿದರು. ಹಾಗೆಯೇ ಸ್ವಲ್ಪ ಹೊತ್ತು ಇದ್ದರು. ಕಾಫಿ ಹಿಡಿದು ಬಾಗಿಲಿಗೆ ಬಂದ ಸರೋಜಾ ಅಲ್ಲೇ ನಿಂತಳು. ಈ ಪೆಟ್ಟಿಗೆಯನ್ನು ಕೊಂಡದ್ದು ಸಾರ್ಥಕವಾಯಿತು, ನನ್ನಂಥವನ ಬೆನ್ನಿನಿಂದಲೂ ಒಂದು ಮನೆ ಒಂದಾಯಿತು, ಅದು ಯಾರದೆಂದು ಯಾರಿಗೂ ತಿಳಿಯುವುದೇ ಬೇಡ ಎಂದು ನಾನು ಬಹಳ ದೊಡ್ಡ ಮನಸ್ಸಿನಲ್ಲಿ ನಿಂತಿದ್ದೆ. ಜೋಗಿ ಮಾಮ ಎದ್ದು ಕಣ್ಣೊರೆಸಿಕೊಂಡು ಮತ್ತೊಮ್ಮೆ ಪರದೆಯನ್ನು ನೋಡಿದರು.

“ನಾ ಆಗ ಬಲು ದಪ್ಪ ಇದ್ದೆ, ಅಲ್ಲವಾ?”

“ಇಲ್ಲೆ ಮಾಮ,” ಎಂದೆ ತಟ್ಟನೆ. “ಸೀಲೆ ದಪ್ಪ.”

ಅವರು ಒಪ್ಪಲಿಲ್ಲ. ಸೀಲೆ ಅಷ್ಟು ದಪ್ಪ ಇರುವುದಿಲ್ಲ, ಆಗ ತಿಂಡಿ ಜಾಸ್ತಿಯಾಗಿತ್ತು, ಎಮ್ಮೆಯ ಹಾಗೆ ಆಗಿದ್ದೆ ಎಂದು ಸಮಾಧಾನವಾಗಿ ಕಾಫಿ ಕುಡಿದು ಹೊರಟರು. ಸರೋಜಾ ಅವರನ್ನು ಬಾಗಿಲವರೆಗೆ ಕಳಿಸಿ ಬಂದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಒಳಗಿನಿಂದ ಬಹಳ ಹೊತ್ತು ಪಾತ್ರೆಗಳ ಸದ್ದಿನ ಜೊತೆ ಬೇರೆ ಸದ್ದೂ ಬರುತ್ತಿತ್ತು. ಮದುವೆ ಚೆನ್ನಾಗಿ ನಡೆಯಿತು. ಅಕ್ಕ ತಮ್ಮ ಒಂದೇ ಬೆಂಚಿನಲ್ಲಿ ಕೂತು ಅಡುಗೆಮನೆಗಳ ವಿಷಯ ಬಿಟ್ಟು ಮಿಕ್ಕೆಲ್ಲವನ್ನೂ ಮಾತಾಡಿದರು. ನಾನು ಮಾತ್ರ ಆ ದಿನವಿಡೀ ವಿಡಿಯೋದವನು ಯಾವ ಕಡೆ ಹೋದರೆ ಆ ಕಡೆಗೇ ಮುಖ ತಿರುಗಿಸಿಕೊಂಡು ಓಡಾಡಿದೆ. ಊಟಕ್ಕೆ ಬಾಗುವಾಗಲೂ ಗೋಡೆಗೆ ಬೆನ್ನು ಕೊಟ್ಟೇ ಕೂತೆ.